ಶುಕ್ರವಾರ ರಾತ್ರಿ 12 ಗಂಟೆ: ಯಾರ ಶುಕ್ರವಾರ, ಯಾವ ರಾತ್ರಿ?

ಮೊದಲು ಆ ಮೆಸೇಜನ್ನೇ ನೋಡಿಬಿಡಿ. 2025ರ ನವೆಂಬರ್ 5, ಬುಧವಾರ, ರಾತ್ರಿ 11:40ಕ್ಕೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಂದದ್ದು ಇದು:

"ಪೋರ್ಟಲ್ ಶುಕ್ರವಾರ ರಾತ್ರಿ 12ಕ್ಕೆ ಬಂದ್ ಆಗುತ್ತೆ. ಅಷ್ಟರೊಳಗೆ ಪೆಂಡಿಂಗ್ ಇರೋದೆಲ್ಲ ಸಬ್ಮಿಟ್ ಮಾಡಿ."

ಎರಡೇ ಸಾಲು. ವಾರ ಇದೆ, ಗಂಟೆ ಇದೆ, ಮಾಡಬೇಕಾದ ಕೆಲಸವೂ ಇದೆ. ಎಲ್ಲರೂ ಓದಿದೆವು, ಹೆಬ್ಬೆರಳು ಒತ್ತಿದೆವು, ಮಲಗಿದೆವು. ಎರಡು ದಿನ ಇದೆಯಲ್ಲ, ಆರಾಮಾಗಿ ಮಾಡಿದರಾಯಿತು ಅಂದುಕೊಂಡೆವು. ಪೋರ್ಟಲ್ ಬಂದ್ ಆದದ್ದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ.

ನಮ್ಮದು ಜಯನಗರದ ಸಣ್ಣ ಆಫೀಸು. ಅಮೆರಿಕದ ಕೆಲವು ಕ್ಲಿನಿಕ್‌ಗಳ ಬಿಲ್ಲಿಂಗ್ ಕೆಲಸ ಮಾಡುತ್ತೇವೆ. ಅಲ್ಲಿ ರೋಗಿ ಡಾಕ್ಟರ ಹತ್ತಿರ ಹೋದರೆ ದುಡ್ಡು ಹೆಚ್ಚಾಗಿ ವಿಮಾ ಕಂಪನಿಯಿಂದ ಬರಬೇಕು. ಅದಕ್ಕೆ ಆನ್‌ಲೈನ್ ಪೋರ್ಟಲ್ ಮೂಲಕ ಕ್ಲೇಮ್, ಅಂದರೆ ದುಡ್ಡು ಕೇಳುವ ಅರ್ಜಿ, ಕಳಿಸಬೇಕು. ಕ್ಲೇಮ್ ಕಳಿಸುವುದಕ್ಕೆ ಗಡುವಿದೆ. ಮೆಡಿಕೇರ್, ಅಂದರೆ ಅಲ್ಲಿಯ ಸರ್ಕಾರಿ ವಿಮೆ, ಆದರೆ ಚಿಕಿತ್ಸೆ ಆದ ದಿನದಿಂದ ಒಂದು ವರ್ಷ. ಖಾಸಗಿ ವಿಮೆಯಲ್ಲಿ ಕೆಲವರದ್ದು 180 ದಿನ, ಇನ್ನು ಕೆಲವರದ್ದು ಬರೀ 90. ಗಡುವು ದಾಟಿದರೆ ಕ್ಲೇಮ್ ಎಷ್ಟೇ ಸರಿಯಿದ್ದರೂ ಡಿನೈ ಆಗಿ ವಾಪಸ್ ಬರುತ್ತೆ. ಹೀಗೆ ಇಡೀ ದಿನ ತಾರೀಖಿನ ಜೊತೆಗೇ ಬದುಕುವ ನಾವು ಒಂದು ತಾರೀಖು ಓದುವುದರಲ್ಲಿ ಎಡವಿದೆವು.

ನಾನು ಅಲ್ಲಿ ಟ್ರ್ಯಾಕರ್ ಶೀಟ್ ನೋಡಿಕೊಳ್ಳುವವನು. ಆಮೇಲೆ "ಏನಾಯ್ತು ಅಂತ ಒಂದು ಪುಟ ಬರೆದು ಕೊಡಿ" ಅಂದರು, ಕೊಟ್ಟೆ. ಆ ಪುಟದಲ್ಲಿ ಹಿಡಿಸದೇ ಇದ್ದದ್ದೆಲ್ಲ ಇಲ್ಲಿದೆ.

ಕ್ಲೈಂಟ್ ಕಳಿಸಿದ್ದ ಮೂಲ ಮೇಲ್ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಇದ್ದದ್ದು ಇಷ್ಟೇ: ಪೋರ್ಟಲ್ ಡೌನ್, 12 ಎಎಂ ಇಎಸ್‌ಟಿ, ಫ್ರೈಡೇ, 11/07/2025. ಇಎಸ್‌ಟಿ ಅಂದರೆ ಅಮೆರಿಕದ ಪೂರ್ವ ತೀರದ ಸಮಯ. ನಮ್ಮ ಟೀಮ್ ಲೀಡ್ ಮೇಡಂ ಅದನ್ನು ಮನೆಯಲ್ಲಿ ಫೋನಿನಲ್ಲೇ ಓದಿ, ಎಲ್ಲರಿಗೂ ಅರ್ಥವಾಗಲಿ ಅಂತ ಕನ್ನಡದಲ್ಲಿ ಹಾಕಿದರು. 12 ಎಎಂ ಅಂದರೆ ರಾತ್ರಿ 12. ಫ್ರೈಡೇ ಅಂದರೆ ಶುಕ್ರವಾರ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ. ಜೋಡಿಸಿದರೆ ಒಂದು ದಿನ ಜಾರಿಹೋಗುತ್ತೆ.

ಇಂಗ್ಲಿಷ್ ಗಡಿಯಾರದಲ್ಲಿ ಶುಕ್ರವಾರ 12 ಎಎಂ ಅಂದರೆ ಶುಕ್ರವಾರದ ಮೊದಲ ಕ್ಷಣ. ನಮ್ಮ ಬಾಯಲ್ಲಿ ಶುಕ್ರವಾರ ರಾತ್ರಿ 12 ಅಂದರೆ ಶುಕ್ರವಾರ ಮುಗಿಯುವ ಹೊತ್ತು. ನಮಗೆ ರಾತ್ರಿ ಯಾವತ್ತೂ ಹಿಂದಿನ ಹಗಲಿಗೆ ಸೇರಿದ್ದು. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅಜ್ಜಿಯನ್ನು ಕೇಳಿದರೆ ರಾತ್ರಿ ಒಂದು ಗಂಟೆಗೆ ಹುಟ್ಟಿದ ಮಗು ಹಿಂದಿನ ದಿನದ್ದೇ. ಹಾಗಾಗಿ ಮೇಡಂ ಬರೆದದ್ದು ಒಳ್ಳೇ ಕನ್ನಡ. ನಾವು ಓದಿದ್ದೂ ಒಳ್ಳೇ ಕನ್ನಡವೇ. ಆದರೆ ಮೇಲ್‌ನಲ್ಲಿದ್ದದ್ದು ಗುರುವಾರ ರಾತ್ರಿ.

ರೈಲು ಟಿಕೆಟ್‌ನಲ್ಲಿ ಇದನ್ನು ನೋಡಿರುತ್ತೀರಿ. ಟಿಕೆಟ್ ಮೇಲೆ 14ನೇ ತಾರೀಖು, 00:15 ಅಂತ ಇರುತ್ತೆ. ಪುಣ್ಯಾತ್ಮ 14ರ ರಾತ್ರಿ ಊಟ ಮುಗಿಸಿ, ಚಿತ್ರಾನ್ನ ಕಟ್ಟಿಸಿಕೊಂಡು, ಮೆಜೆಸ್ಟಿಕ್ ಹತ್ತಿರದ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಾನೆ. ರೈಲು ಹೋಗಿ ಇಪ್ಪತ್ನಾಲ್ಕು ಗಂಟೆ ಆಗಿರುತ್ತೆ. ನಮ್ಮ ಸೋದರಮಾವ ಹೀಗೇ ಒಂದು ಸಲ ಮದುವೆ ತಪ್ಪಿಸಿಕೊಂಡರು. ಇವತ್ತಿಗೂ ತಪ್ಪು ರೈಲ್ವೆಯವರದ್ದೇ ಅನ್ನುತ್ತಾರೆ.

ಕ್ಲೈಂಟ್ ಬರೆದದ್ದರಲ್ಲೂ ತಪ್ಪಿರಲಿಲ್ಲ. ಆದರೆ 12 ಎಎಂ ಅನ್ನುವುದೇ ಒಂದು ತಕರಾರಿನ ಗಂಟೆ. ಎಎಂ ಅಂದರೆ ನಡುಹಗಲಿಗೆ ಮುಂಚೆ, ಪಿಎಂ ಅಂದರೆ ನಡುಹಗಲಾದ ಮೇಲೆ. ಹಾಗಾದರೆ ನಡುಹಗಲಿಗೇ ಏನಂತ ಬರೆಯೋದು? ನಡುರಾತ್ರಿ ಯಾವ ಕಡೆಗೆ? ಅದಕ್ಕೇ ಬಲ್ಲವರು ಗಡುವಿನಲ್ಲಿ 12 ಅಂತ ಬರೆಯುವುದೇ ಇಲ್ಲ. ರಾತ್ರಿ 11:59 ಅಂತ ಬರೆಯುತ್ತಾರೆ. ಆ ಒಂದು ನಿಮಿಷ ಬಿಟ್ಟರೆ ಜಗಳವೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮೆಸೇಜ್ ಕೈಕೊಟ್ಟರೂ ಟ್ರ್ಯಾಕರ್ ಶೀಟ್ ಕೈಹಿಡಿಯಬೇಕಿತ್ತು. ಗಡುವುಗಳನ್ನೆಲ್ಲ ಅದರಲ್ಲಿ ಹಾಕುತ್ತೇವೆ. ದಿನಾಂಕ ಹತ್ತಿರ ಬಂದರೆ ಸಾಲು ಕೆಂಪಾಗುತ್ತೆ, ದಾಟಿದರೆ ಬೂದು ಬಣ್ಣಕ್ಕೆ ತಿರುಗುತ್ತೆ. ಗುರುವಾರ ಬೆಳಿಗ್ಗೆ ನಾನು ಮೇಲ್‌ನಿಂದ 11/07/2025 ಅನ್ನುವುದನ್ನು ಕಾಪಿ ಮಾಡಿ ಅಲ್ಲಿ ಅಂಟಿಸಿದೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ಅದು ನವೆಂಬರ್ 7 ಅಂತ ನನಗೆ ಗೊತ್ತು. ನನ್ನ ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದರ ಸೆಟ್ಟಿಂಗ್ ಭಾರತದ್ದು, ದಿನ ಮೊದಲು. ಅದು ಸದ್ದಿಲ್ಲದೆ ಅದನ್ನು ಜುಲೈ 11 ಮಾಡಿಕೊಂಡಿತು. ಎಂದೋ ದಾಟಿಹೋದ ದಿನ ಅಂತ ಸಾಲನ್ನು ಬೂದು ಮಾಡಿ ಕೆಳಗೆ ತಳ್ಳಿತು. "ಈ ವಾರದ ಗಡುವು" ಅಂತ ಫಿಲ್ಟರ್ ಹಾಕಿದಾಗ ಅದು ಬರಲೇ ಇಲ್ಲ. ನಾನೂ ಹುಡುಕಲಿಲ್ಲ.

ಇದರ ಒಂದು ಗುಟ್ಟು ಹೇಳುತ್ತೇನೆ, ಉಪಯೋಗಕ್ಕೆ ಬರುತ್ತೆ. ಅದೇ ಕಾಲಮ್ಮಿನಲ್ಲಿ 11/13/2025 ಅಂತ ಇನ್ನೊಂದು ದಿನಾಂಕ ಇತ್ತು. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಶೀಟ್ ಅದನ್ನು ದಿನಾಂಕ ಅಂತಲೇ ಒಪ್ಪಲಿಲ್ಲ. ಬರೀ ಅಕ್ಷರ ಅಂದುಕೊಂಡು ಸೆಲ್ಲಿನ ಎಡಕ್ಕೆ ಅಂಟಿಸಿತು. ಅದು ಒಪ್ಪಿಕೊಂಡ ದಿನಾಂಕಗಳೆಲ್ಲ ಬಲಕ್ಕೆ ನಿಲ್ಲುತ್ತವೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ, ಬಲಕ್ಕೆ ಇರುವವನ್ನೇ ಅನುಮಾನಿಸಬೇಕು. ಎಡಕ್ಕೆ ಇರೋದು ಕೆಟ್ಟಿದೆ ಅಂತ ಕಣ್ಣಿಗೇ ಕಾಣುತ್ತೆ. ಬಲಕ್ಕೆ ಇರೋದು ಸರಿಯಿರುವಂತೆ ನಟಿಸುತ್ತೆ. ತಿಂಗಳ 12ನೇ ತಾರೀಖಿನವರೆಗೆ ಈ ನಾಟಕ ನಡೆಯುತ್ತೆ, 13ರಿಂದ ಬಣ್ಣ ಬಯಲು.

ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡಿಕೊಡುವ ವೈ2ಕೆ ಕೆಲಸದಿಂದ ತೊಂಬತ್ತರ ದಶಕದ ಕೊನೆಗೆ ಸಾಕಷ್ಟು ದುಡಿದ ಊರಿದು. ಪ್ರಪಂಚದ ತಾರೀಖು ರಿಪೇರಿ ಮಾಡಿದ ಊರಲ್ಲಿ ಕೂತು ನಾನು ನವೆಂಬರನ್ನು ಜುಲೈ ಮಾಡಿದ್ದೆ.

ಶುಕ್ರವಾರ ಬೆಳಿಗ್ಗೆ 9:20. ನಮ್ಮ ಟೀಮಿನ ಹುಡುಗಿಯೊಬ್ಬಳು ಬೊಮ್ಮಸಂದ್ರದ ಕಡೆಯಿಂದ ಹಳದಿ ಲೈನ್ ಮೆಟ್ರೋದಲ್ಲಿ ಬರುತ್ತಿದ್ದಳು. ನಿಂತುಕೊಂಡೇ ಕ್ಲೈಂಟಿನ ಮೂಲ ಮೇಲ್ ತೆಗೆದು ಓದಿದಳು. ಇಡೀ ಆಫೀಸಿನಲ್ಲಿ ಆ ಮೇಲನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ. ಶುಕ್ರವಾರ 12 ಎಎಂ ಅಂದರೆ ಅವರ ಗುರುವಾರ ರಾತ್ರಿ, ಅಂದರೆ ನಮಗೆ ಈಗ, ಇವತ್ತು ಬೆಳಿಗ್ಗೆ ಅಂತ ಹೊಳೆಯಿತು. ಎದೆ ಝಲ್ ಅಂತಂತೆ. ಲೆಕ್ಕ ಹಾಕಿದಳು. ಆಫೀಸಿನಲ್ಲಿ ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಲ್ಯಾಮಿನೇಟ್ ಮಾಡಿಸಿದ್ದು: "ಇಎಸ್‌ಟಿ + 9:30 = ನಮ್ಮ ಟೈಮ್". ದಿನಾ ನೀರು ಹಿಡಿಯುವಾಗ ಓದಿ ಓದಿ ಎಲ್ಲರಿಗೂ ಬಾಯಿಪಾಠ. ಹನ್ನೆರಡಕ್ಕೆ ಒಂಬತ್ತೂವರೆ ಕೂಡಿಸಿದಳು. 9:30 ಬಂತು.

ಗ್ರೂಪಿಗೆ ಹಾಕಿದಳು: "ಅಯ್ಯೋ, ಪೋರ್ಟಲ್ ಬಂದ್ ಆಗೋದು ಇವತ್ತು ಬೆಳಿಗ್ಗೆ 9:30ಕ್ಕೆ! ಇನ್ನು ಹತ್ತೇ ನಿಮಿಷ. ನಾನು ಇನ್ನೂ ಮೆಟ್ರೋದಲ್ಲಿದ್ದೀನಿ."

ನಾನು ಆಗ ಆಫೀಸಿನ ಕೆಳಗಿರುವ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಓದಿದೆ. ಹತ್ತು ನಿಮಿಷದಲ್ಲಿ ಮೆಟ್ಟಿಲು ಹತ್ತಿ, ಲ್ಯಾಪ್‌ಟಾಪ್ ಆನ್ ಮಾಡಿ, ಓಟಿಪಿ ಹಾಕುವಷ್ಟರಲ್ಲಿ ಮುಗಿದಿರುತ್ತೆ ಅನ್ನಿಸಿತು. ಕಾಫಿ ಮುಗಿಸಿಯೇ ಮೇಲೆ ಹೋದೆ.

ಮೇಡಂ 9:40ಕ್ಕೆ ಬಂದರು. ಮುಖ ಬಿಳಿಚಿತ್ತು. "ಬಂದ್ ಆಗಿರುತ್ತೆ ಬಿಡಿ, ಮೊದಲು ಕ್ಲೈಂಟಿಗೆ ಮೇಲ್ ಬರೆಯೋಣ" ಅಂದರು. ಮೂರು ಜನ ಒಂದು ಸ್ಕ್ರೀನ್ ಸುತ್ತ ಕೂತೆವು. ಕ್ಷಮಾಪಣೆ ಪತ್ರ. "ರಿಗ್ರೆಟ್" ಹಾಕೋಣವಾ, "ಅಪಾಲಜೈಸ್" ಹಾಕೋಣವಾ ಅಂತ ಚರ್ಚೆ. ಗಡುವು ತಪ್ಪಿತು, ನಮ್ಮಿಂದ ಪ್ರಮಾದವಾಯಿತು, ಸೋಮವಾರ ಪೋರ್ಟಲ್ ತೆರೆದ ಕೂಡಲೇ ಕಳಿಸುತ್ತೇವೆ ಅಂತ ಬರೆದು, ತಿದ್ದಿ, 10:20ಕ್ಕೆ ಕಳಿಸಿದೆವು.

10:20ಕ್ಕೆ ಪೋರ್ಟಲ್ ಇನ್ನೂ ತೆರೆದೇ ಇತ್ತು.

ಇದು ಗೊತ್ತಾದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಮೂಲೆಯಲ್ಲಿ ಕೂರುವ ಒಬ್ಬ ಹುಡುಗ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಸೀದಾ ಕೆಲಸಕ್ಕೆ ಕೂತಿದ್ದ. ಗ್ರೂಪ್ ನೋಡಿಯೇ ಇರಲಿಲ್ಲ. ಡಬ್ಬಿ ತೆಗೆಯುತ್ತಾ, "ನನ್ನ ಬ್ಯಾಚ್ ಹೋಯ್ತಲ್ಲ, ಹತ್ತೂ ಐದಕ್ಕೆ" ಅಂದ. ಯಾರೂ ನಂಬಲಿಲ್ಲ. ರಸೀದಿ ತೋರಿಸಿದ. ಪೋರ್ಟಲಿನ ಮುದ್ರೆ: 11/06/2025, 11:35 ಪಿಎಂ. ಅಲ್ಲಿ ಇನ್ನೂ ನವೆಂಬರ್ 6, ಗುರುವಾರ, ಮಧ್ಯರಾತ್ರಿಗೆ ಇಪ್ಪತ್ತೈದು ನಿಮಿಷ ಬಾಕಿ. ಅಂದರೆ ನಮಗೂ ಅವರಿಗೂ ಇರುವ ಅಂತರ ಒಂಬತ್ತೂವರೆ ಗಂಟೆಯಲ್ಲ, ಹತ್ತೂವರೆ.

ಅಮೆರಿಕದಲ್ಲಿ ಹೆಚ್ಚಿನ ಕಡೆ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. 2007ರಿಂದ ಇದೇ ಲೆಕ್ಕ. 2025ರಲ್ಲಿ ಆ ಭಾನುವಾರ ನವೆಂಬರ್ 2. ರಾಜ್ಯೋತ್ಸವದ ಮರುದಿನ, ನಾವು ಭಾನುವಾರದ ರಜೆಯಲ್ಲಿದ್ದಾಗ ಅವರು ಗಡಿಯಾರ ತಿರುಗಿಸಿದ್ದರು. ಪೂರ್ವ ತೀರದವರಿಗೆ ಬೇಸಿಗೆಯ ಹೆಸರು ಇಡಿಟಿ, ಚಳಿಗಾಲದ ಹೆಸರು ಇಎಸ್‌ಟಿ. ನಮ್ಮ ಗೋಡೆ ಹಾಳೆ ಬೇಸಿಗೆಯ ಲೆಕ್ಕಕ್ಕೆ ಚಳಿಗಾಲದ ಹೆಸರಿಟ್ಟಿತ್ತು. ನಿಜ ಹೇಳಬೇಕೆಂದರೆ ಅಲ್ಲಿಯವರೂ ವರ್ಷವಿಡೀ ಇಎಸ್‌ಟಿ ಅಂತಲೇ ಬರೆಯುತ್ತಾರೆ, ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಸಲ ಮಾತ್ರ ಅವರು ಬರೆದ ಇಎಸ್‌ಟಿ ಅಕ್ಷರಶಃ ಸರಿಯಾಗಿತ್ತು. ಅದೇ ಸಲ ನಮಗೆ ಏಟು ಬಿತ್ತು.

ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಈ ಗಡಿಯಾರದ ಬದಲಾವಣೆ ನಮ್ಮ ಆಫೀಸಿಗೆ ಗೊತ್ತಿತ್ತು! ರಾತ್ರಿ ಶಿಫ್ಟಿನವರು ಅಲ್ಲಿಯ ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಶುರು ಮಾಡಬೇಕು. ಅದಕ್ಕೆ ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವ ಅಣ್ಣ ಪ್ರತಿ ನವೆಂಬರ್ ಒಂದು ನೋಟೀಸ್ ಅಂಟಿಸುತ್ತಾರೆ: "3ನೇ ತಾರೀಖು ಸೋಮವಾರದಿಂದ ಶಿಫ್ಟ್ ಸಂಜೆ 6:30ರ ಬದಲು 7:30ಕ್ಕೆ. ಕ್ಯಾಬ್ ಒಂದು ಗಂಟೆ ತಡವಾಗಿ ಬರುತ್ತೆ." ಆ ನೋಟೀಸ್ ಇದ್ದದ್ದು ಲ್ಯಾಮಿನೇಟ್ ಹಾಳೆಯಿಂದ ಒಂದು ಗೇಣು ದೂರದಲ್ಲಿ. ಎರಡನ್ನೂ ಓದುತ್ತಾ ನೀರು ಕುಡಿದಿದ್ದೇವೆ. ಒಂದು ಕ್ಯಾಬ್ ವಿಷಯ, ಇನ್ನೊಂದು ಕ್ಲೈಂಟ್ ವಿಷಯ ಅಂದುಕೊಂಡಿದ್ದೆವು.

ಅವತ್ತು ಸಂಜೆ ಕ್ಲೈಂಟಿನ ಉತ್ತರ ಬಂತು. ಬೈದಿರಲಿಲ್ಲ, ಗೊಂದಲದಲ್ಲಿದ್ದರು. "ನಿಮ್ಮ ಕ್ಷಮಾಪಣೆ ನಮಗೆ ಗುರುವಾರ ರಾತ್ರಿ 11:50ಕ್ಕೆ ಬಂದಿದೆ. ಆಗ ಇನ್ನೂ ಹತ್ತು ನಿಮಿಷ ಇತ್ತಲ್ಲ?" ಅಂತ ಕೇಳಿದ್ದರು. ಇದಕ್ಕೆ ಯಾವ ಭಾಷೆಯಲ್ಲಿ ಉತ್ತರ ಬರೆಯೋದು ಹೇಳಿ.

ನಷ್ಟ ದೊಡ್ಡದೇನಲ್ಲ. ಬಾಕಿ ಇದ್ದ ಕ್ಲೇಮ್‌ಗಳಲ್ಲಿ ಹೆಚ್ಚಿನವು ಸೋಮವಾರ ಹೋದವು. ಆರು ಕ್ಲೇಮ್‌ಗಳ 90 ದಿನ ಮಾತ್ರ ಆ ವಾರಾಂತ್ಯಕ್ಕೆ ಮುಗಿಯುತ್ತಿತ್ತು, ಅವು ಡಿನೈ ಆದವು. ಪೋರ್ಟಲ್ ಬಂದ್ ಇತ್ತು ಅನ್ನುವ ಮೇಲನ್ನು ಲಗತ್ತಿಸಿ ಅಪೀಲ್ ಹಾಕಿದೆವು. ನಾಲ್ಕು ಒಪ್ಪಿದರು, ಎರಡು ಹೋದವು. ಆ ಆರನ್ನು ಕಳಿಸಲು ಐದು ನಿಮಿಷ ಸಾಕಿತ್ತು. ನಮ್ಮ ಕೈಯಲ್ಲಿ ಎಪ್ಪತ್ತು ನಿಮಿಷ ಇತ್ತು. ಮೆಟ್ರೋದಲ್ಲಿ ಬಂದ ಹುಡುಗಿಗೆ ಇದೇ ಸಂಕಟ. ತಾನು ಏನೂ ಹೇಳದೇ ಇದ್ದಿದ್ದರೆ ಯಾರಾದರೂ ಸುಮ್ನೆ ಎಂದಿನಂತೆ ಕೆಲಸ ಮಾಡುತ್ತಾ ಕಳಿಸಿಬಿಡುತ್ತಿದ್ದರೇನೋ ಅಂತ. ನಾನು ಹಾಗೆ ಒಪ್ಪುವುದಿಲ್ಲ. ಅವಳು ಗಂಟೆ ಹೊಡೆದಳು. ಹೋಗಿ ಬಾಗಿಲು ತಳ್ಳಿ ನೋಡದೇ ಇದ್ದವರು ನಾವು.

ಮಂಗಳವಾರ ಮೀಟಿಂಗ್ ಆಯಿತು. ಯಾರ ತಪ್ಪು ಅಂತ ಹತ್ತು ನಿಮಿಷ ಸುತ್ತಿ ಸುತ್ತಿ ಮಾತಾಡಿದೆವು, ಎಲ್ಲೂ ಮುಟ್ಟಲಿಲ್ಲ. ಮೇಜಿನ ಮೇಲೆ ಒಂದು ಲಗ್ನಪತ್ರಿಕೆ ಬಿದ್ದಿತ್ತು, ಸಹೋದ್ಯೋಗಿಯೊಬ್ಬರ ತಂಗಿಯ ಮದುವೆಯದ್ದು. ನಮ್ಮ ಹಿರಿಯ ಅಕೌಂಟೆಂಟ್ ಒಬ್ಬರಿದ್ದಾರೆ, ಮೀಟಿಂಗಿನಲ್ಲಿ ಬಾಯಿ ಬಿಡುವವರೇ ಅಲ್ಲ. ಅವರು ಆ ಪತ್ರಿಕೆ ಎತ್ತಿಕೊಂಡು ಓದಲು ಶುರು ಮಾಡಿದರು. ವಿಶ್ವಾವಸು ನಾಮ ಸಂವತ್ಸರ, ಕಾರ್ತಿಕ ಮಾಸ, ಪಕ್ಷ, ತಿಥಿ. ದಿನಾಂಕ 16-11-2025ನೇ ಭಾನುವಾರ. ಬೆಳಿಗ್ಗೆ 9-05ರಿಂದ 9-50ರೊಳಗೆ ಸಲ್ಲುವ ಧನುರ್ ಲಗ್ನ. ಛತ್ರದ ಹೆಸರು, ಬೀದಿ, ಎದುರಿಗಿರುವ ಪೆಟ್ರೋಲ್ ಬಂಕ್. ಆರತಕ್ಷತೆ ಹಿಂದಿನ ದಿನ ಶನಿವಾರ ಸಂಜೆ 6-30ರಿಂದ.

"ಮೇಡಂ, ಇಲ್ಲಿ ನೋಡಿ" ಅಂದರು. "ತಾರೀಖು ತಪ್ಪಾಗಿ ಪ್ರಿಂಟ್ ಆದರೆ ವಾರ ಹಿಡ್ಕೊಡುತ್ತೆ. ಎರಡೂ ತಪ್ಪಾದರೆ ತಿಥಿ ಹಿಡ್ಕೊಡುತ್ತೆ. ಚೆಕ್ಕಿನಲ್ಲಿ ಅಂಕಿಯಲ್ಲೂ ಬರೀತೀವಿ, ಅಕ್ಷರದಲ್ಲೂ ಬರೀತೀವಿ ಅಲ್ವಾ? ಹಾಗೆ. ನಮ್ಮ ಜನಕ್ಕೆ ಇದು ಗೊತ್ತಿಲ್ಲದೇ ಇರೋದಲ್ಲ. ಮದುವೆಗೆ ಬರೆಯೋ ಹಾಗೆ ಆಫೀಸಿಗೂ ಬರೆದರಾಯ್ತು."

ಅವರ ಮಾತನ್ನು ಹಿಡಿದು ಯೋಚಿಸಿದರೆ ನನ್ನ ಟ್ರ್ಯಾಕರ್ ಕಥೆಗೂ ಅಲ್ಲೇ ಮದ್ದಿತ್ತು. 2025ರ ಜುಲೈ 11 ಕೂಡ ಶುಕ್ರವಾರವೇ, ನೋಡಿ ಗ್ರಹಚಾರ. ಇಲ್ಲಿ ವಾರವೂ ಕೈಕೊಡುತ್ತಿತ್ತು. ತಿಂಗಳನ್ನು ಅಕ್ಷರದಲ್ಲಿ "ನವೆಂಬರ್" ಅಂತ ಬರೆದಿದ್ದರೆ ಮಾತ್ರ ಬಚಾವ್.

ಆವತ್ತಿನಿಂದ ಗ್ರೂಪಿನಲ್ಲಿ ಗಡುವು ಹೀಗೆ ಬರುತ್ತೆ:

"ಪೋರ್ಟಲ್ ಬಂದ್. ಬೆಂಗಳೂರು ಸಮಯ: 7 ನವೆಂಬರ್ 2025, ಶುಕ್ರವಾರ, ಬೆಳಿಗ್ಗೆ 10:29. ಅಲ್ಲಿಯ ಸಮಯ: 6 ನವೆಂಬರ್, ಗುರುವಾರ, ರಾತ್ರಿ 11:59."

ತಿಂಗಳು ಅಕ್ಷರದಲ್ಲಿ, ವಾರ ಜೊತೆಗೆ, ಊರಿನ ಹೆಸರು ಕಡ್ಡಾಯ. ನಮ್ಮ ಸಮಯಕ್ಕೆ ಐಎಸ್‌ಟಿ ಅನ್ನುವುದನ್ನೂ ಬಿಟ್ಟೆವು. ಅದು ಐರ್ಲೆಂಡಿನವರಿಗೆ ಅವರ ಬೇಸಿಗೆ ಸಮಯ, ಇಸ್ರೇಲಿನವರಿಗೆ ಅವರ ಸಮಯ. ಊರ ಹೆಸರಿಗೆ ಎರಡು ಅರ್ಥ ಇಲ್ಲ. ಮನಸ್ಸಿನಲ್ಲೇ ಕೂಡಿಸಿ ಕಳೆಯುವುದೂ ನಿಂತಿದೆ, ಫೋನಿನ ಗಡಿಯಾರದಲ್ಲಿ ಕ್ಲೈಂಟಿನ ಊರನ್ನು ಸೇರಿಸಿಕೊಂಡು, ಆ ದಿನದ ಲೆಕ್ಕ ನೋಡಿಯೇ ಬರೆಯಬೇಕು. ನಮ್ಮ ಅರ್ಧ ಗಂಟೆಯ ಬಾಲ ಬೇರೆ ಇದೆಯಲ್ಲ. 82.5 ಡಿಗ್ರಿ ರೇಖಾಂಶ ಹಿಡಿದುಕೊಂಡದ್ದಕ್ಕೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಇದ್ದೇವೆ, ನಿದ್ದೆಗಣ್ಣಲ್ಲಿ ಕೂಡಿಸುವವರಿಗೆ ಈ ಅರ್ಧ ಒಂದು ಶಾಪ. ಫೈಲ್ ಹೆಸರುಗಳಿಗೆ ಮಾತ್ರ 2025-11-07, ಇಸವಿ ಮೊದಲು. 1988ರಲ್ಲೇ ಬಂದ ಐಎಸ್‌ಓ 8601 ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಅದು. ಫೋಲ್ಡರಿನಲ್ಲಿ ಫೈಲುಗಳು ತಾವೇ ದಿನಾಂಕದ ಸಾಲಿನಲ್ಲಿ ನಿಲ್ಲುತ್ತವೆ. ಆದರೆ ಮನುಷ್ಯರಿಗೆ ಬರೆಯುವಾಗ ನನಗೆ ಅದು ಜಾಸ್ತಿ ಒಣಕಲು.

"ನಾಳೆ" ಅನ್ನುವ ಮಾತಿನ ಜೊತೆ ಮಾತ್ರ ಇನ್ನೂ ಹೋರಾಟ ನಡೆದಿದೆ. ರಾತ್ರಿ ಒಂದು ಗಂಟೆಗೆ ಶಿಫ್ಟಿನವರು "ನಾಳೆ ಮಾಡ್ತೀನಿ" ಅಂತ ಹಾಕುತ್ತಾರೆ. ಬೆಳಿಗ್ಗೆ ಬಂದು ಓದುವವರಿಗೆ ಅದು ಇವತ್ತಾ, ನಾಳೆಯಾ? ಹಿಂದೊಮ್ಮೆ ನಮ್ಮವರೊಬ್ಬರು ಕ್ಲೈಂಟಿಗೆ "ಎಂಟು ದಿನದಲ್ಲಿ ಕೊಡುತ್ತೇವೆ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ನಮ್ಮಲ್ಲಿ ಎಂಟು ದಿನ ಅಂದರೆ ಒಂದು ವಾರ, ಶುಕ್ರವಾರದಿಂದ ಶುಕ್ರವಾರಕ್ಕೆ. ಅವರು ಬೆರಳು ಮಡಚಿ ಎಂಟು ಎಣಿಸಿ ಶನಿವಾರ ಕಾದರು. ಆ ಸಲ ಒಂದು ದಿನ ಮೊದಲೇ ಕೊಟ್ಟ ಹೆಸರು ಬಂತು, ಹಾಗಾಗಿ ಯಾರೂ ವಿಚಾರಣೆ ಮಾಡಲಿಲ್ಲ!

ಲ್ಯಾಮಿನೇಟ್ ಹಾಳೆ ಕಿತ್ತು ಹಾಕಿದ್ದೇವೆ. ಆ ಜಾಗಕ್ಕೆ ಎರಡು ಗೋಡೆ ಗಡಿಯಾರ ಬಂದಿವೆ, ಅವೆನ್ಯೂ ರೋಡಿನಿಂದ ತಂದದ್ದು. ಒಂದರ ಕೆಳಗೆ "ಬೆಂಗಳೂರು", ಇನ್ನೊಂದರ ಕೆಳಗೆ "ಅಲ್ಲಿ". ಗೋಡೆ ಗಡಿಯಾರ ತಾನಾಗಿ ತಿರುಗಲ್ಲ, ಮತ್ತೆ ಮಾರ್ಚ್‌ನಲ್ಲಿ ಇದೇ ಹಾಡು ಅಂತ ನಾನು ಗೊಣಗಿದ್ದೆ.

2026ರ ಮಾರ್ಚ್ 9, ಸೋಮವಾರ ಬೆಳಿಗ್ಗೆ ನೀರು ಹಿಡಿಯಲು ಹೋದೆ. ನೆನಪಾಗಿ ಸ್ಟೂಲ್ ಹುಡುಕುತ್ತಾ ತಲೆ ಎತ್ತಿ ನೋಡಿದರೆ "ಅಲ್ಲಿ"ಯ ಮುಳ್ಳು ಆಗಲೇ ಒಂದು ಗಂಟೆ ಮುಂದಿತ್ತು. ಫೋನ್ ತೆಗೆದು ತಾಳೆ ನೋಡಿದೆ. ಸರಿಯಾಗಿತ್ತು.

"ಯಾರಣ್ಣ ಇದನ್ನ ತಿರುಗಿಸಿದ್ದು?" ಅಂತ ಟ್ರಾನ್ಸ್‌ಪೋರ್ಟ್ ಅಣ್ಣನನ್ನು ಕೇಳಿದೆ.

"ನಾನೇ ಸರ್" ಅಂದರು, ಕೈಯಲ್ಲಿದ್ದ ಗಮ್ ಟೇಪ್ ಹರಿಯುತ್ತಾ. "ಇವತ್ತಿಂದ ಶಿಫ್ಟ್ ಮತ್ತೆ ಆರೂವರೆಗೆ ಅಲ್ವಾ. ನೋಟೀಸ್ ಅಂಟಿಸೋಕೆ ಸ್ಟೂಲ್ ಹತ್ತಿದ್ದೆ. ಹಾಗೇ ಅದನ್ನೂ ತಿರುಗಿಸಿಬಿಟ್ಟೆ."